ಒಂದೇ ಸಾಲಿನಿಂದ ಏರಿದ ಅಂಕ: ಮ್ಯಾಟ್ರಿಕ್ಸ್300 ಪ್ರಕರಣ ಮತ್ತು ಪ್ರೊಸೆಸರ್ ಬೆಂಚ್‌ಮಾರ್ಕ್‌ನ ಓದುಗ

1990ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಪವರ್‌ಸ್ಟೇಷನ್ 550 ಎಂಬ ಕಂಪ್ಯೂಟರಿನ ವೇಗವನ್ನು ಎರಡು ಬಾರಿ ಅಳೆಯಲಾಯಿತು. ಎರಡೂ ಸಲ ಪ್ರೊಸೆಸರ್ ಅದೇ, ಮೆಮೊರಿ ಅದೇ, ಪರೀಕ್ಷೆಗೆ ಬಳಸಿದ ಹತ್ತು ಪ್ರೋಗ್ರಾಂಗಳೂ ಅವೇ. ಬದಲಾದದ್ದು ಆ ಪ್ರೋಗ್ರಾಂಗಳನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಮಾತ್ರ. ಹೊಸ ಕಂಪೈಲರ್ ಬಳಸಿದಾಗ ಹತ್ತರಲ್ಲಿ ಮ್ಯಾಟ್ರಿಕ್ಸ್300 ಎಂಬ ಒಂದು ಪ್ರೋಗ್ರಾಂ ಒಂಬತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಓಡಿತು, ನಾಸಾ7 ಎಂಬ ಇನ್ನೊಂದು ಎರಡು ಪಟ್ಟಿಗೂ ಹೆಚ್ಚು ವೇಗ ಪಡೆಯಿತು, ಉಳಿದ ಎಂಟು ಹೆಚ್ಚುಕಡಿಮೆ ಇದ್ದಲ್ಲೇ ಉಳಿದವು. ಆದರೆ ಹತ್ತನ್ನೂ ಸೇರಿಸಿ ತೆಗೆದ ಒಟ್ಟು ಅಂಕ ಮಾತ್ರ, ಇಡೀ ಕಂಪ್ಯೂಟರ್ ಒಂದು ಹಂತ ಮೇಲೇರಿದೆ ಎಂಬ ಭಾವನೆ ಬರುವಷ್ಟು ಹೆಚ್ಚಿತು. ಕಂಪ್ಯೂಟರ್ ವಿನ್ಯಾಸದ ಪಠ್ಯಪುಸ್ತಕಗಳಲ್ಲಿ ಈ ಪ್ರಸಂಗ ಒಂದು ಚಿತ್ರವಾಗಿ ಉಳಿದಿದೆ: ಒಂದು ಕಂಬ ಮುಗಿಲಿಗೇರಿದೆ, ಮಿಕ್ಕವು ಅದರ ಬುಡದಲ್ಲಿವೆ. ಅದನ್ನು ಸಾಮಾನ್ಯವಾಗಿ ಕಂಪೈಲರ್‌ಗಳ ಕಥೆಯಾಗಿ ಹೇಳುತ್ತಾರೆ. ಇಲ್ಲಿ ಅದನ್ನು ಓದುಗನ ಕಡೆಯಿಂದ ನೋಡಲು ಹೊರಟಿದ್ದೇನೆ. ಬೆಂಚ್‌ಮಾರ್ಕ್ ಅಂಕವನ್ನು, ಅಂದರೆ ವೇಗ ಅಳೆಯುವ ಇಂಥ ಪರೀಕ್ಷೆಯ ಅಂಕವನ್ನು, ಬಿಡಿಸಿ ನೋಡುವ ದಾರಿ ಓದುಗನಿಗೆ ಸಿಕ್ಕಾಗ ಮಾತ್ರ ಅದರಿಂದ ಉಪಯೋಗ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಬೇರೆ ಕಂಡಿಲ್ಲ.

ಹಿನ್ನೆಲೆ

1980ರ ದಶಕದಲ್ಲಿ ಕಂಪ್ಯೂಟರ್ ಮಾರುವವರು ಹೆಚ್ಚಾಗಿ ಹೇಳುತ್ತಿದ್ದ ಅಳತೆ ಮಿಪ್ಸ್, ಅಂದರೆ ಸೆಕೆಂಡಿಗೆ ಎಷ್ಟು ದಶಲಕ್ಷ ಆದೇಶಗಳನ್ನು ಪ್ರೊಸೆಸರ್ ನಡೆಸುತ್ತದೆ ಎಂಬ ಸಂಖ್ಯೆ. 1977ರಲ್ಲಿ ಬಂದ ವ್ಯಾಕ್ಸ್-11/780 ಯಂತ್ರವನ್ನು ‘1 ಮಿಪ್ಸ್’ ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸುವುದು ವಾಡಿಕೆಯಾಗಿತ್ತು. ವಾಸ್ತವದಲ್ಲಿ ಆ ಯಂತ್ರ ಸೆಕೆಂಡಿಗೆ ನಡೆಸುತ್ತಿದ್ದುದು ತನ್ನದೇ ಆದೇಶಗಳಲ್ಲಿ ಸುಮಾರು ಐದು ಲಕ್ಷವನ್ನು ಮಾತ್ರ. ಒಂದು ಯಂತ್ರದ ಆದೇಶ ಮಾಡುವ ಕೆಲಸಕ್ಕೆ ಇನ್ನೊಂದು ಯಂತ್ರಕ್ಕೆ ಮೂರು ಆದೇಶಗಳು ಬೇಕಾಗಬಹುದಾದ್ದರಿಂದ, ಆ ಎಣಿಕೆಯಿಂದ ಕೆಲಸ ಮುಗಿಯುವ ಸಮಯ ತಿಳಿಯುತ್ತಿರಲಿಲ್ಲ. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಬರೆದ ಡ್ರೈಸ್ಟೋನ್ ಎಂಬ ಕೃತಕ ಪ್ರೋಗ್ರಾಂ ಸ್ವಲ್ಪ ಉತ್ತಮವಾದ ಅಳತೆಯಾಗಿತ್ತಾದರೂ, ಅದು ತೀರಾ ಚಿಕ್ಕದು. ಅಕ್ಷರಸರಣಿಗಳನ್ನು ನಕಲಿಸುವ ಅದರ ಒಂದೆರಡು ಭಾಗಗಳನ್ನು ವೇಗಗೊಳಿಸಿದರೆ ಇಡೀ ಫಲಿತಾಂಶವೇ ಏರುತ್ತಿತ್ತು.

ಈ ಗೊಂದಲಕ್ಕೆ ಪರಿಹಾರವಾಗಿ 1988ರಲ್ಲಿ ಅಪೊಲೊ, ಹ್ಯೂಲೆಟ್-ಪ್ಯಾಕರ್ಡ್, ಮಿಪ್ಸ್ (ಮೇಲಿನ ಅಳತೆಯಲ್ಲ, ಅದೇ ಹೆಸರಿನ ಕಂಪನಿ) ಮತ್ತು ಸನ್ ಕಂಪನಿಗಳು ಸೇರಿ ಸ್ಪೆಕ್ ಎಂಬ ಸಂಸ್ಥೆಯನ್ನು ಕಟ್ಟಿದವು. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುತ್ತಿದ್ದವರೇ ಒಂದು ಅಳತೆಗೋಲಿಗೆ ಒಪ್ಪಿದ್ದು ಚಿಕ್ಕ ಸಂಗತಿಯಲ್ಲ. 1989ರ ಅಕ್ಟೋಬರಿನಲ್ಲಿ ಹೊರಬಂದ ಅವರ ಮೊದಲ ಪರೀಕ್ಷಾ ಸಂಪುಟದಲ್ಲಿ ಹತ್ತು ಪ್ರೋಗ್ರಾಂಗಳಿದ್ದವು. ಪೂರ್ಣಾಂಕದ ಲೆಕ್ಕದವು ನಾಲ್ಕು: ಜಿಸಿಸಿ, ಎಸ್ಪ್ರೆಸ್ಸೊ, ಎಲ್‌ಐ ಮತ್ತು ಇಕ್ಯೂಎನ್‌ಟಾಟ್. ಫ್ಲೋಟಿಂಗ್ ಪಾಯಿಂಟ್, ಅಂದರೆ ದಶಮಾಂಶ ಸಂಖ್ಯೆಗಳ ಲೆಕ್ಕದವು ಆರು: ಸ್ಪೈಸ್, ಡೊಡಕ್, ನಾಸಾ7, ಮ್ಯಾಟ್ರಿಕ್ಸ್300, ಎಫ್‌ಪಿಪಿಪಿಪಿ ಮತ್ತು ಟಾಮ್‌ಕ್ಯಾಟ್‌ವಿ. ಪ್ರತಿಯೊಂದಕ್ಕೂ ವ್ಯಾಕ್ಸ್-11/780 ತೆಗೆದುಕೊಂಡ ಸಮಯವನ್ನು ಹೊಸ ಯಂತ್ರದ ಸಮಯದಿಂದ ಭಾಗಿಸಿ ಒಂದು ಅನುಪಾತ ಪಡೆಯುತ್ತಿದ್ದರು. ಆ ಹತ್ತು ಅನುಪಾತಗಳ ಗುಣೋತ್ತರ ಸರಾಸರಿಯೇ, ಅಂದರೆ ಹತ್ತನ್ನೂ ಗುಣಿಸಿ ತೆಗೆದ ಹತ್ತನೆಯ ಮೂಲವೇ, ಸ್ಪೆಕ್‌ಮಾರ್ಕ್. ಜಾಹೀರಾತಿಗೆ ಹೋಗುತ್ತಿದ್ದುದು ಈ ಒಂದು ಸಂಖ್ಯೆ.

ಪ್ರೋಗ್ರಾಂನ ಒಳಗೆ

ಮ್ಯಾಟ್ರಿಕ್ಸ್300 ಮಾಡುತ್ತಿದ್ದ ಕೆಲಸ ಹೆಸರಲ್ಲೇ ಇದೆ: 300 ಅಡ್ಡಸಾಲು, 300 ಕಂಬಸಾಲುಗಳ ಮಾತೃಕೆಗಳನ್ನು (ಮ್ಯಾಟ್ರಿಕ್ಸ್, ಅಂದರೆ ಅಂಕಿಗಳ ಕೋಷ್ಟಕ) ಬೇರೆ ಬೇರೆ ಬಗೆಯಲ್ಲಿ ಗುಣಿಸುವುದು. ಅದು ಓಡುವ ಸಮಯದ ಶೇಕಡಾ 99ರಷ್ಟು ಪ್ರೋಗ್ರಾಂನ ಬರಹದ ಒಂದೇ ಒಂದು ಸಾಲಿನಲ್ಲಿ ಕಳೆಯುತ್ತಿತ್ತು. ಒಂದು ಕಂಬಸಾಲಿನ ಅಂಕಿಗಳನ್ನು ಒಂದು ಸಂಖ್ಯೆಯಿಂದ ಗುಣಿಸಿ ಇನ್ನೊಂದು ಕಂಬಸಾಲಿಗೆ ಕೂಡಿಸುವ ಸಾಲು ಅದು.

ಇಂಥ ಒಂದು ಗುಣಾಕಾರಕ್ಕೆ 300ರ ಘನ, ಅಂದರೆ 2.7 ಕೋಟಿ ಗುಣಿಸಿ-ಕೂಡಿಸುವ ಕ್ರಿಯೆಗಳು ಬೇಕು. ಒಂದು ಅಂಕಿಗೆ 8 ಬೈಟ್ ಎಂದು ಹಿಡಿದರೆ ಒಂದು ಮಾತೃಕೆಗೇ 7.2 ಲಕ್ಷ ಬೈಟ್ ಜಾಗ ಬೇಕಾಗುತ್ತದೆ. ಆ ಯಂತ್ರದ ದತ್ತಾಂಶ ಕ್ಯಾಶ್, ಅಂದರೆ ಪ್ರೊಸೆಸರ್‌ನ ಮಗ್ಗುಲಲ್ಲೇ ಇರುವ ವೇಗದ ಚಿಕ್ಕ ಮೆಮೊರಿ, 64 ಕಿಲೋಬೈಟ್. ಮಾತೃಕೆ ಅದರಲ್ಲಿ ಹಿಡಿಸುವುದಿಲ್ಲ. ಪ್ರೋಗ್ರಾಂ ಬರೆದಂತೆಯೇ ಓಡಿಸಿದರೆ, ಉತ್ತರದ ಒಂದೊಂದು ಕಂಬಸಾಲನ್ನು ಸಿದ್ಧಪಡಿಸಲು ಮೊದಲ ಮಾತೃಕೆಯ 90,000 ಅಂಕಿಗಳೂ ಮುಖ್ಯ ಮೆಮೊರಿಯಿಂದ ಒಮ್ಮೆ ಹಾದುಬರಬೇಕು. ಉತ್ತರದಲ್ಲಿ ಇಂಥ 300 ಕಂಬಸಾಲುಗಳಿರುವುದರಿಂದ ಒಟ್ಟು 2.7 ಕೋಟಿ ಅಂಕಿಗಳ ಸಾಗಣೆ ಆಗುತ್ತದೆ. ಲೆಕ್ಕ ಮಾಡುವ ಘಟಕ ಬಹುಪಾಲು ಹೊತ್ತು ಅಂಕಿಗಳು ಬರುವುದನ್ನೇ ಕಾಯುತ್ತಿರುತ್ತದೆ.

ಹೊಸ ಕಂಪೈಲರ್ ಇಲ್ಲಿ ಬ್ಲಾಕಿಂಗ್ ಎಂಬ ವಿಧಾನವನ್ನು ತಾನಾಗಿ ಅನ್ವಯಿಸಿತು. ಇದು ಮಾತೃಕೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದು ಚೌಕ ಕ್ಯಾಶ್‌ಗೆ ಬಂದ ಮೇಲೆ ಅದರಿಂದ ಆಗಬೇಕಾದ ಕೆಲಸವನ್ನೆಲ್ಲ ಮುಗಿಸಿಯೇ ಮುಂದಕ್ಕೆ ಹೋಗುವ ಕ್ರಮ. ಉದಾಹರಣೆಗೆ 50 ಸಾಲು, 50 ಕಂಬದ ಚೌಕ ಎಂದು ಇಟ್ಟುಕೊಳ್ಳೋಣ. ಅಂಥ ಒಂದು ಚೌಕಕ್ಕೆ 20,000 ಬೈಟ್ ಬೇಕು. ಗುಣಿಸುವ ಎರಡು, ಉತ್ತರದ ಒಂದು, ಹೀಗೆ ಮೂರು ಚೌಕಗಳು ಸೇರಿದರೆ 60,000 ಬೈಟ್. 64 ಕಿಲೋಬೈಟ್ ಎಂದರೆ 65,536 ಬೈಟ್ ಆದ್ದರಿಂದ ಮೂರೂ ಒಟ್ಟಿಗೆ ಕ್ಯಾಶ್‌ನಲ್ಲಿ ಹಿಡಿಸುತ್ತವೆ. ಮಾತೃಕೆ 36 ಚೌಕಗಳಾಗುತ್ತದೆ, ಚೌಕ-ಚೌಕಗಳ ಗುಣಾಕಾರ 216 ಸಲ ನಡೆಯುತ್ತದೆ, ಪ್ರತಿ ಸಲ ಎರಡು ಚೌಕಗಳ 5,000 ಅಂಕಿಗಳನ್ನು ತಂದರೂ ಒಟ್ಟು ಸಾಗಣೆ 10.8 ಲಕ್ಷ ಅಂಕಿಗಳನ್ನು ದಾಟುವುದಿಲ್ಲ. 2.7 ಕೋಟಿಗೆ ಹೋಲಿಸಿದರೆ ಇದು ಇಪ್ಪತ್ತೈದರಲ್ಲಿ ಒಂದು ಪಾಲು. ಗುಣಿಸಿ-ಕೂಡಿಸುವ ಕ್ರಿಯೆಗಳ ಎಣಿಕೆ ಒಂದೂ ಕಡಿಮೆಯಾಗಿಲ್ಲ. ಕಾಯುವ ಸಮಯ ಕರಗಿದೆ. ಇಲ್ಲಿ ನಾನು ಹಿಡಿದ 50ರ ಚೌಕ ಲೆಕ್ಕ ಅರ್ಥವಾಗಲೆಂದು ಆರಿಸಿಕೊಂಡದ್ದು, ಆದರೆ ಒಂಬತ್ತು ಪಟ್ಟು ವೇಗ ಎಲ್ಲಿಂದ ಬಂತು ಎಂಬುದು ಇದರಿಂದ ಕಾಣುತ್ತದೆ. ನಾಸಾ7 ಏಳು ಚಿಕ್ಕ ಲೆಕ್ಕಗಳ ಕಟ್ಟು, ಅವುಗಳಲ್ಲಿ ಮಾತೃಕೆಯ ಗುಣಾಕಾರವೂ ಒಂದು. ಅದಕ್ಕೆ ಸಿಕ್ಕ ವೇಗವೂ ಇಂಥದೇ ಸುಧಾರಣೆಯ ಫಲ.

ಇದು ಮೋಸವೇ? ಅಲ್ಲವೆಂದೇ ನಾನು ಹೇಳುತ್ತೇನೆ. ಬ್ಲಾಕಿಂಗ್ ಪ್ರಾಮಾಣಿಕವಾದ, ಉಪಯುಕ್ತವಾದ ವಿಧಾನ. ವಿಜ್ಞಾನದ ಲೆಕ್ಕಗಳಿಗೆ ಇಂದು ಬಳಸುವ, ಮಾತೃಕೆಯ ಕೆಲಸದ ಸಿದ್ಧ ಪ್ರೋಗ್ರಾಂ ಸಂಗ್ರಹಗಳಲ್ಲಿ (ಲೈಬ್ರರಿ) ಹೆಚ್ಚಿನವು ಅದರ ಮೇಲೆಯೇ ನಿಂತಿವೆ. ದೊಡ್ಡ ಮಾತೃಕೆಗಳನ್ನು ಗುಣಿಸುವುದೇ ಕೆಲಸವಾಗಿದ್ದ ಸಂಶೋಧಕನಿಗೆ ಆ ಕಂಪೈಲರ್‌ನಿಂದ ನಿಜವಾದ ಲಾಭವಿತ್ತು. ತೊಂದರೆ ಇದ್ದದ್ದು ಎರಡು ಕಡೆ. ಒಂದೇ ಸಾಲಿನ ಮೇಲೆ ನಿಂತ ಪ್ರೋಗ್ರಾಂಗೆ ಹತ್ತರಲ್ಲಿ ಒಂದು ಪಾಲು ಕೊಟ್ಟದ್ದು ಒಂದು. ಅದರ ಫಲವನ್ನು ಎಲ್ಲರಿಗೂ ಅನ್ವಯಿಸುವ ಒಟ್ಟು ಅಂಕದೊಳಗೆ ಸೇರಿಸಿಬಿಟ್ಟದ್ದು ಇನ್ನೊಂದು.

ಒಟ್ಟು ಅಂಕದ ಲೆಕ್ಕ

ಹತ್ತು ಅನುಪಾತಗಳಲ್ಲಿ ಒಂದು ಮಾತ್ರ ಸರಿಯಾಗಿ ಒಂಬತ್ತು ಪಟ್ಟಾದರೆ ಗುಣೋತ್ತರ ಸರಾಸರಿ ಒಂಬತ್ತರ ಹತ್ತನೆಯ ಮೂಲದಷ್ಟು, ಅಂದರೆ ಸುಮಾರು 1.25 ಪಟ್ಟು ಏರುತ್ತದೆ. ಜತೆಗೆ ಇನ್ನೊಂದು ಎರಡು ಪಟ್ಟಾದರೆ ಏರಿಕೆ 1.33 ಪಟ್ಟು ಮುಟ್ಟುತ್ತದೆ. ಜಿಸಿಸಿಯಂಥ ಕಂಪೈಲರ್ ಓಡಿಸುವವನಿಗೂ ಸ್ಪೈಸ್‌ನಲ್ಲಿ ವಿದ್ಯುತ್ ಮಂಡಲಗಳನ್ನು ಪರೀಕ್ಷಿಸುವವನಿಗೂ ಹೊಸ ಕಂಪೈಲರ್ ಏನನ್ನೂ ಕೊಟ್ಟಿಲ್ಲ, ಆದರೆ ಅವರಿಬ್ಬರ ಕಣ್ಣಿಗೆ ಬೀಳುವ ಅಂಕ ಮೂರರಲ್ಲಿ ಒಂದು ಪಾಲು ಹೆಚ್ಚಾಗಿದೆ. ಅದೇ ಹತ್ತು ಅನುಪಾತಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಬೆಲೆಯನ್ನು, ಅಂದರೆ ಮಧ್ಯಾಂಕವನ್ನು ನೋಡಿದ್ದರೆ ಇಷ್ಟು ದೊಡ್ಡ ಏರಿಕೆ ಕಾಣುತ್ತಿರಲಿಲ್ಲ, ಏಕೆಂದರೆ ಒಂದು ಬೆಲೆ ಎಷ್ಟೇ ಮೇಲೆ ಹಾರಿದರೂ ಅದು ನಡುವಿನ ಬೆಲೆಯನ್ನು ಎಳೆದೊಯ್ಯಲಾರದು.

ಗುಣೋತ್ತರ ಸರಾಸರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅನುಪಾತಗಳ ಸಾಮಾನ್ಯ ಸರಾಸರಿ ತೆಗೆದರೆ, ಯಾವ ಯಂತ್ರವನ್ನು ಆಧಾರವಾಗಿ ಹಿಡಿದಿದ್ದೇವೆ ಎಂಬುದರ ಮೇಲೆ ಯಾರು ಮುಂದೆ ಎಂಬ ತೀರ್ಪೇ ಬದಲಾಗಬಹುದು. ಗುಣೋತ್ತರ ಸರಾಸರಿಯಲ್ಲಿ ಹಾಗಾಗುವುದಿಲ್ಲ. 1986ರಲ್ಲಿ ಫ್ಲೆಮಿಂಗ್ ಮತ್ತು ವ್ಯಾಲೆಸ್ ಇದನ್ನು ವಾದಿಸಿ ತೋರಿಸಿದ್ದರು. ಆದರೆ ಅದೇ ಸರಾಸರಿಗೆ ಇನ್ನೊಂದು ಗುಣವಿದೆ. ಯಾವ ಪ್ರೋಗ್ರಾಂ ಎರಡು ಪಟ್ಟು ವೇಗವಾದರೂ ಒಟ್ಟು ಅಂಕಕ್ಕೆ ಸಿಗುವ ಲಾಭ ಒಂದೇ. ಲಕ್ಷಾಂತರ ಜನ ಬಳಸುವ ಬಗೆಯ, ವೇಗಗೊಳಿಸಲು ಬಹಳ ಕಷ್ಟವಾದ ಜಿಸಿಸಿಯನ್ನು ಎರಡು ಪಟ್ಟು ಮಾಡುವುದಕ್ಕೂ, ಒಂದೇ ಸಾಲಿನ ಮ್ಯಾಟ್ರಿಕ್ಸ್300ನ್ನು ಎರಡು ಪಟ್ಟು ಮಾಡುವುದಕ್ಕೂ ಅಷ್ಟೇ ಅಂಕ. ಹಾಗಿರುವಾಗ ಕಂಪನಿಗಳ ಶ್ರಮ ಸುಲಭವಾದ ಕಡೆಗೆ ಹರಿಯುವುದು ಸಹಜವಾಗಿತ್ತು.

ಇಷ್ಟಾದರೂ ಪ್ರಕರಣ ಬೆಳಕಿಗೆ ಬಂದದ್ದು ಸ್ಪೆಕ್ ಸಂಸ್ಥೆ ಮೊದಲಿನಿಂದಲೇ ಇಟ್ಟುಕೊಂಡಿದ್ದ ಒಂದು ನಿಯಮದಿಂದ. ಸ್ಪೆಕ್‌ಮಾರ್ಕ್ ಪ್ರಕಟಿಸುವವರು ಹತ್ತೂ ಪ್ರೋಗ್ರಾಂಗಳ ಬಿಡಿ ಫಲಿತಾಂಶಗಳನ್ನು, ಬಳಸಿದ ಯಂತ್ರಾಂಶ ಮತ್ತು ಕಂಪೈಲರ್‌ನ ವಿವರಗಳೊಡನೆ ಕೊಡಲೇಬೇಕಿತ್ತು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಒಟ್ಟು ಅಂಕದ ಮೇಲೆ ವಿಷಯವಾರು ಅಂಕಗಳು ಇರುವಂತೆ, ಇಲ್ಲಿಯೂ ಬಿಡಿ ಸಾಲುಗಳು ಕಣ್ಣೆದುರಿಗೇ ಇದ್ದವು. ನೋಡುವ ಮನಸ್ಸು ಮಾಡಿದವರಿಗೆ ಒಂದು ಸಾಲು ಉಳಿದವುಗಳಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು ತಕ್ಷಣ ಕಂಡಿತು. ಡ್ರೈಸ್ಟೋನ್ ಕಾಲದಲ್ಲಿ ಈ ಅವಕಾಶವೇ ಇರಲಿಲ್ಲ, ಏಕೆಂದರೆ ಅಲ್ಲಿ ಬಿಡಿಸಿ ನೋಡಲು ಒಂದಕ್ಕಿಂತ ಹೆಚ್ಚು ಸಂಖ್ಯೆ ಇರಲಿಲ್ಲ. ಸಂಸ್ಥೆಯ ಪ್ರೋಗ್ರಾಂ ಆಯ್ಕೆಯಲ್ಲಿ ಲೋಪವಿತ್ತು ನಿಜ, ಆದರೆ ವರದಿ ಮಾಡುವ ಕ್ರಮ ಆ ಲೋಪವನ್ನು ಹೊರಹಾಕುವಷ್ಟು ಚೆನ್ನಾಗಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ.

ಆಮೇಲೆ ಆದ ಬದಲಾವಣೆಗಳು

1992ರ ಸಂಪುಟದಿಂದ ಮ್ಯಾಟ್ರಿಕ್ಸ್300ನ್ನು ಕೈಬಿಡಲಾಯಿತು. ಪ್ರೋಗ್ರಾಂಗಳ ಸಂಖ್ಯೆ ಇಪ್ಪತ್ತಕ್ಕೆ ಏರಿತು. ಪೂರ್ಣಾಂಕದ ಆರಕ್ಕೆ ಒಂದು ಅಂಕ, ಫ್ಲೋಟಿಂಗ್ ಪಾಯಿಂಟ್‌ನ ಹದಿನಾಲ್ಕಕ್ಕೆ ಇನ್ನೊಂದು ಅಂಕ ಎಂದು ಒಟ್ಟು ಫಲಿತಾಂಶ ಎರಡಾಯಿತು.

ಈ ಮೂರೂ ಕ್ರಮಗಳ ಪರಿಣಾಮ ಒಂದೇ ತೂಕದ್ದಲ್ಲ. ಪ್ರೋಗ್ರಾಂಗಳನ್ನು ಹೆಚ್ಚಿಸುವುದು ಒಂದರ ಪ್ರಭಾವವನ್ನು ತೆಳುವಾಗಿಸುತ್ತದೆ, ಅಳಿಸುವುದಿಲ್ಲ: ಇಪ್ಪತ್ತರಲ್ಲಿ ಒಂದು ಒಂಬತ್ತು ಪಟ್ಟಾದರೆ ಆಗಲೂ ಸರಾಸರಿ ಶೇಕಡಾ 11ಕ್ಕಿಂತ ಹೆಚ್ಚು ಏರುತ್ತದೆ. ಅಂಕವನ್ನು ಎರಡಾಗಿ ಒಡೆಯುವುದು ಇನ್ನೂ ಕುತೂಹಲದ ಸಂಗತಿ. 1989ರ ಸಂಪುಟದ ಆರು ಫ್ಲೋಟಿಂಗ್ ಪಾಯಿಂಟ್ ಪ್ರೋಗ್ರಾಂಗಳಿಗೇ ಪ್ರತ್ಯೇಕ ಅಂಕ ತೆಗೆದಿದ್ದರೆ, ಮ್ಯಾಟ್ರಿಕ್ಸ್300 ಒಂದರಿಂದಲೇ ಅದು ಶೇಕಡಾ 44ರಷ್ಟು ಏರಿಬಿಡುತ್ತಿತ್ತು, ಅಂದರೆ ವಿಕೃತಿ ಇನ್ನೂ ಹೆಚ್ಚುತ್ತಿತ್ತು. ಆದರೂ ಒಡೆದದ್ದು ಸರಿ ಎಂದೇ ನನ್ನ ಎಣಿಕೆ. ಪೂರ್ಣಾಂಕದ ಲೆಕ್ಕವಷ್ಟೇ ಬೇಕಾದ ಓದುಗನ ಅಂಕ ಆಗ ಅಲುಗಾಡುತ್ತಿರಲಿಲ್ಲ, ಮತ್ತು ಒಂದು ಅಂಕ ಏರಿ ಇನ್ನೊಂದು ನಿಂತಲ್ಲೇ ನಿಂತದ್ದು ಎಲ್ಲರ ಪ್ರಶ್ನೆಗೆ ಕಾರಣವಾಗುತ್ತಿತ್ತು.

ಮುಂದೆ ಬಂದ ‘ಬೇಸ್’ ಅಂಕದ ನಿಯಮ ಇವೆಲ್ಲಕ್ಕಿಂತ ದೂರ ಹೋಯಿತು. ಒಂದೇ ಭಾಷೆಯಲ್ಲಿ ಬರೆದ ಎಲ್ಲ ಪ್ರೋಗ್ರಾಂಗಳಿಗೂ ಕಂಪೈಲರ್‌ನ ಒಂದೇ ಬಗೆಯ ಆಯ್ಕೆಗಳನ್ನು ಬಳಸಬೇಕು ಎಂಬುದು ಅದರ ತಿರುಳು. ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆ ಆಯ್ಕೆಗಳನ್ನು ಹುಡುಕಿ ಹೊಂದಿಸಿ ಪಡೆದ ‘ಪೀಕ್’ ಅಂಕವನ್ನು ಬೇಕಿದ್ದರೆ ಪಕ್ಕದಲ್ಲಿ ಕೊಡಬಹುದು. ತನ್ನ ಪ್ರೋಗ್ರಾಂ ಅನ್ನು ವಾರಗಟ್ಟಲೆ ಕೂತು ಹದಗೊಳಿಸುವ ಸಂಶೋಧಕ ಪೀಕ್ ನೋಡಲಿ, ಸಿಕ್ಕ ಹಾಗೆ ಕಂಪೈಲ್ ಮಾಡಿ ಓಡಿಸುವವನು ಬೇಸ್ ನೋಡಲಿ. ಓದುಗರು ಒಂದೇ ಬಗೆಯವರಲ್ಲ ಎಂಬುದನ್ನು ವರದಿಯ ರಚನೆಯೇ ಒಪ್ಪಿಕೊಂಡದ್ದು ಇಲ್ಲಿ. 2017ರ ಸಂಪುಟದಲ್ಲಿ 43 ಪ್ರೋಗ್ರಾಂಗಳು ನಾಲ್ಕು ಗುಂಪುಗಳಲ್ಲಿವೆ: ಒಂದು ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕೆ ಎರಡು, ಒಟ್ಟಿಗೆ ಎಷ್ಟು ಕೆಲಸ ಸಾಗುತ್ತದೆ ಎಂಬುದಕ್ಕೆ ಎರಡು.

ಇಂದಿನ ಓದುಗನಿಗೆ

ಇಂದು ಪ್ರೊಸೆಸರ್ ಪರೀಕ್ಷೆಗಳನ್ನು ಓದುವವರಲ್ಲಿ ಹೆಚ್ಚಿನವರು ಮಾತೃಕೆ ಗುಣಿಸುವವರಲ್ಲ. ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿ, ವಿಡಿಯೊ ಸಂಕಲನಕಾರ, ಪುಸ್ತಕದ ಪುಟ ಕಟ್ಟುವ ಡಿಟಿಪಿ ಕೇಂದ್ರದವರು. ಅವರ ಮುಂದೆಯೂ ಬಹಳ ಸಲ ಬರುವುದು ಒಂದೇ ಒಂದು ಅಂಕ, ಅದರ ಪಕ್ಕ ‘ಶೇಕಡಾ 10 ಮುಂದೆ’ ಎಂಬ ಮಾತು. ಹತ್ತು ಪರೀಕ್ಷೆಗಳ ಗುಣೋತ್ತರ ಸರಾಸರಿಯಲ್ಲಿ ಶೇಕಡಾ 10ರ ಮುನ್ನಡೆ ಎಲ್ಲದರಲ್ಲೂ ಶೇಕಡಾ 10 ಮುಂದಿರುವುದರಿಂದ ಬರಬಹುದು. ಒಂಬತ್ತರಲ್ಲಿ ಸಮವಾಗಿದ್ದು ಒಂದರಲ್ಲಿ ಮಾತ್ರ 2.6 ಪಟ್ಟು ಮುಂದಿರುವುದರಿಂದಲೂ ಬರಬಹುದು. ಈ ಎರಡು ಪ್ರೊಸೆಸರ್‌ಗಳು ಒಬ್ಬ ಕೊಳ್ಳುವವನಿಗೆ ತೀರಾ ಬೇರೆ ಬೇರೆ ವಸ್ತುಗಳು. ಎನ್‌ಕ್ರಿಪ್ಷನ್‌ಗಾಗಲೀ ವಿಡಿಯೊಗಾಗಲೀ ಪ್ರತ್ಯೇಕ ಸರ್ಕ್ಯೂಟು ಇರುವ ಪ್ರೊಸೆಸರ್ ಅಂಥ ಒಂದು ಪರೀಕ್ಷೆಯಲ್ಲಿ ಹೀಗೆ ಹಾರುವುದು ಅಪರೂಪವೇನಲ್ಲ.

ಆದ್ದರಿಂದ ಪರೀಕ್ಷೆ ಬರೆಯುವವರು ಬಿಡಿ ಫಲಿತಾಂಶಗಳನ್ನು ಮೊದಲು ಇಟ್ಟು, ಸರಾಸರಿಯನ್ನು ಆಮೇಲೆ ಕೊಡಬೇಕು. ಒಂದು ಫಲಿತಾಂಶ ಉಳಿದವುಗಳಿಂದ ದೂರ ನಿಂತಿದ್ದರೆ ಅದನ್ನು ಸೇರಿಸಿದ ಸರಾಸರಿ, ಬಿಟ್ಟ ಸರಾಸರಿ ಎರಡನ್ನೂ ಕೊಟ್ಟು, ಅದು ಯಾಕೆ ದೂರ ನಿಂತಿದೆ ಎಂಬುದನ್ನು ಬರೆಯಬೇಕು. ಆ ಕಾರಣ ತಿಳಿಯದೆ ಇದ್ದರೆ ಸಂಖ್ಯೆಯನ್ನು ಸರಾಸರಿಯಲ್ಲಿ ಸೇರಿಸುವ ಅವಸರವೇ ಬೇಡ. ಸಾಧ್ಯವಾದಲ್ಲೆಲ್ಲ ಅಂಕದ ಬದಲು ಸಮಯ ಕೊಡುವುದು ಒಳ್ಳೆಯದು: ‘8,400 ಅಂಕ’ ಎಂಬುದು ಓದುಗನ ಯಾವ ಕೆಲಸಕ್ಕೂ ತಾಳೆಯಾಗುವುದಿಲ್ಲ, ಇಂಥ ಅಳತೆಯ ವಿಡಿಯೊ ಇಷ್ಟು ನಿಮಿಷದಲ್ಲಿ ಸಿದ್ಧವಾಯಿತು ಎಂಬುದು ತಾಳೆಯಾಗುತ್ತದೆ. ಅದೇ ಯಂತ್ರದಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿದಾಗ ಫಲಿತಾಂಶ ಶೇಕಡಾ 3ರಷ್ಟು ಆಚೀಚೆ ಆಗುತ್ತಿದ್ದರೆ, ಎರಡು ಪ್ರೊಸೆಸರ್‌ಗಳ ನಡುವಿನ ಶೇಕಡಾ 2ರ ಅಂತರವನ್ನು ಸೋಲು-ಗೆಲುವಾಗಿ ಬರೆಯುವುದು ಓದುಗನಿಗೆ ಮಾಡುವ ಅನ್ಯಾಯ. ಆಟಗಳ ಪರೀಕ್ಷೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ತನ್ನ ಮಿತಿ ಮುಟ್ಟಿದ್ದರೆ ಎಲ್ಲ ಪ್ರೊಸೆಸರ್‌ಗಳೂ ಸಮವಾಗಿ ಕಾಣುತ್ತವೆ. ಅಳೆದದ್ದು ಪ್ರೊಸೆಸರ್‌ನ್ನಲ್ಲ ಎಂಬುದನ್ನು ಅಲ್ಲೇ ಹೇಳಬೇಕು.

ಪವರ್‌ಸ್ಟೇಷನ್ 550 ಪ್ರಕರಣದಲ್ಲಿ ಕಂಪೈಲರ್ ಇದ್ದ ಜಾಗದಲ್ಲಿ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ವಿದ್ಯುತ್ ಮಿತಿ ಕುಳಿತಿದೆ. ಇಂಟೆಲ್‌ನ ಕೋರ್ ಐ7-1165ಜಿ7 ಎಂಬ ಪ್ರೊಸೆಸರ್‌ನ್ನು ತಯಾರಕರು 12 ವ್ಯಾಟ್‌ನಿಂದ 28 ವ್ಯಾಟ್‌ವರೆಗೆ ತಮಗೆ ಬೇಕಾದ ಮಟ್ಟಕ್ಕೆ ಹೊಂದಿಸಬಹುದು. ಇಂಟೆಲ್ ಕೊಟ್ಟಿರುವ ಮೂಲ ವೇಗವೇ ಕೆಳಗಿನ ಮಟ್ಟದಲ್ಲಿ 1.2 ಗಿಗಾಹರ್ಟ್ಸ್, ಮೇಲಿನ ಮಟ್ಟದಲ್ಲಿ 2.8 ಗಿಗಾಹರ್ಟ್ಸ್. ಪೆಟ್ಟಿಗೆಯ ಮೇಲಿನ ಹೆಸರು ಎರಡಕ್ಕೂ ಒಂದೇ. ಎಷ್ಟು ವ್ಯಾಟ್, ಮೆಮೊರಿಯ ಒಂದು ಪಟ್ಟಿ ಹಾಕಿತ್ತೋ ಎರಡೋ, ಪರೀಕ್ಷೆ ಒಂದು ನಿಮಿಷದ್ದೋ ಅರ್ಧ ಗಂಟೆಯದ್ದೋ, ಕೋಣೆಯ ಉಷ್ಣತೆ ಎಷ್ಟಿತ್ತು ಎಂಬುದನ್ನು ಬರೆಯದ ಫಲಿತಾಂಶ, ಕಂಪೈಲರ್‌ನ ಹೆಸರು ಬರೆಯದ ಸ್ಪೆಕ್‌ಮಾರ್ಕ್‌ನಷ್ಟೇ ಅಪೂರ್ಣ. ಹವಾನಿಯಂತ್ರಿತ ಕೋಣೆಯಲ್ಲಿ ಅಳೆದ ಸಂಖ್ಯೆಯನ್ನು ನಂಬಿ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, ಫ್ಯಾನಿನ ಕೆಳಗೆ ಅದೇ ಲ್ಯಾಪ್‌ಟಾಪ್ ಓಡಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಿಸಿ ಹೆಚ್ಚಾದಾಗ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ ಎಂಬುದು ಅವರಿಗೆ ಸರಾಸರಿ ಅಂಕಕ್ಕಿಂತ ಹೆಚ್ಚು ಬೇಕಾದ ಮಾಹಿತಿ.

ಇಷ್ಟು ವಿವರ ಕೊಟ್ಟರೆ ಓದುಗ ಬೇಸರಪಡುತ್ತಾನೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದೇ ಅಂಕ ನೋಡಿ ಮುಂದೆ ಹೋಗುವವರು ಹೋಗಲಿ. ನಲವತ್ತು, ಐವತ್ತು ಸಾವಿರ ರೂಪಾಯಿ ಕೂಡಿಟ್ಟು ಯಂತ್ರ ಕೊಳ್ಳಲು ಹೊರಟವನು ತನ್ನ ಕೆಲಸಕ್ಕೆ ಹೊಂದುವ ಸಾಲು ಯಾವುದೆಂದು ಹುಡುಕಿಯೇ ಹುಡುಕುತ್ತಾನೆ, ಆ ಸಾಲು ಅಲ್ಲಿರಬೇಕು ಅಷ್ಟೆ.

ಮ್ಯಾಟ್ರಿಕ್ಸ್300 ಹೋದ ಮಾತ್ರಕ್ಕೆ ಅಂಥ ಪ್ರಸಂಗಗಳು ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ ಸ್ಪೆಕ್ ಸಂಸ್ಥೆ 2017ರ ಸಂಪುಟದ 2,600ಕ್ಕೂ ಹೆಚ್ಚು ಫಲಿತಾಂಶಗಳಿಗೆ ಒಂದು ಟಿಪ್ಪಣಿ ಹಚ್ಚಿತು. ಆ ಫಲಿತಾಂಶಗಳಿಗೆ ಬಳಸಿದ ಇಂಟೆಲ್ ಕಂಪೈಲರ್, ಎಕ್ಸ್‌ಎಂಎಲ್ ಕಡತಗಳನ್ನು ರೂಪಾಂತರಿಸುವ ಒಂದು ಪರೀಕ್ಷಾ ಪ್ರೋಗ್ರಾಂನ ಒಳವಿವರಗಳನ್ನೂ ಅದಕ್ಕೆ ಕೊಡುವ ದತ್ತಾಂಶವನ್ನೂ ಮೊದಲೇ ತಿಳಿದುಕೊಂಡು ಅದನ್ನಷ್ಟೇ ವೇಗಗೊಳಿಸುತ್ತಿತ್ತು, ಬೇರೆ ಪ್ರೋಗ್ರಾಂಗಳಿಗೆ ಅದರ ಉಪಯೋಗ ಬಹಳ ಕಡಿಮೆ ಎಂಬುದು ಸಂಸ್ಥೆಯ ತೀರ್ಪು. ಬ್ಲಾಕಿಂಗ್‌ಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು: ಅದು ಎಲ್ಲ ಮಾತೃಕೆಗಳಿಗೂ ಒದಗುವ ವಿಧಾನವಾಗಿತ್ತು, ಇದು ಒಂದೇ ಪರೀಕ್ಷೆಗೆ ಹೊಲಿದದ್ದು. ಸಂಸ್ಥೆ ಆ ವರದಿಗಳನ್ನು ಅಳಿಸಿಹಾಕಲಿಲ್ಲ. ಟಿಪ್ಪಣಿಯ ಕೆಳಗೆ ಪ್ರತಿಯೊಂದು ಪ್ರೋಗ್ರಾಂನ ಸಮಯವೂ ಹಿಂದಿನಂತೆಯೇ ಇದೆ, ಆ ಒಂದು ಪ್ರೋಗ್ರಾಂನ ಸಾಲನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ಯಾರು ಬೇಕಾದರೂ ತಾವೇ ತೆಗೆದುಕೊಳ್ಳಬಹುದು.